ಕೊಲೆಗೆ ಕಾರಣ ಮನೋರೋಗವೇ, ಗಾಂಜಾವೇ, ‘ದೇವರ ಅಪ್ಪಣೆ’ಯೇ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ 26 ವರ್ಷ. ಕೆಲವು ವರ್ಷಗಳಿಂದ ಗಾಂಜಾ ಸೇದುತ್ತಿದ್ದಾನೆ. ಈಚಿನ ಆರು ತಿಂಗಳಿಂದ ಮನೆದೇವರು ತನ್ನೊಡನೆ ಮಾತನಾಡುತ್ತಿದೆ, ಮನೆಯಲ್ಲಿರುವ ಚಿಕ್ಕಪ್ಪನೊಳಗೆ ದುಷ್ಟಶಕ್ತಿ ಸೇರಿಕೊಂಡಿದೆ ಎನ್ನುತ್ತಾನೆ. ‘ಮಾನಸಿಕ ಅಸ್ವಸ್ಥನಿಂದ ಕೊಲೆ’ ಎಂಬ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ನಮ್ಮ ಎದೆ ಧಸಕ್ಕೆನ್ನುತ್ತದೆ. ಮನೋರೋಗಿಗಳು ನಿಜಕ್ಕೂ ಅಪಾಯಕಾರಿಗಳೇ? ಇದು ಗಾಂಜಾದಿಂದ ಬಂದದ್ದೇ, ಅತಿಯಾದ ಭಕ್ತಿಯಿಂದ ಬಂದದ್ದೇ? ಇಂಥವರು ಅಪರಾಧ ಮಾಡಿದರೂ ‘ತಲೆ ಸರಿಯಿಲ್ಲ’ ಎಂದು ಹೇಳಿ ಪಾರಾಗುತ್ತಾರಂತೆ, ಹೌದೇ?

ಉತ್ತರ: ಎಲ್ಲಕ್ಕಿಂತ ಮೊದಲು, ಹುಡುಗನನ್ನು ಈ ವಾರವೇ ಮನೋವೈದ್ಯರಿಗೆ ತೋರಿಸಿ. ದೇವರು ಮಾತನಾಡುತ್ತದೆ ಎಂಬ ಅವನ ಮಾತಿಗಿಂತ, ಮನೆಯಲ್ಲಿರುವ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಅವನ ಸಂಶಯ ನೆಲೆ ನಿಂತಿದೆ ಎಂಬ ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಅದೇಕೆ ಎಂಬುದು ಮುಂದೆ ತಿಳಿಯುತ್ತದೆ. ಏನು ಮಾಡಬೇಕೆಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ. ಅವಸರವಿದ್ದರೆ ಅದನ್ನೇ ಮೊದಲು ಓದಿಕೊಳ್ಳಿ.

ಮನೋರೋಗಿಗಳು ಅಪಾಯಕಾರಿಗಳೇ ಎಂಬ ಪ್ರಶ್ನೆಗೆ ಎರಡು ಬಗೆಯ ಅರ್ಧಸತ್ಯಗಳು ಚಾಲ್ತಿಯಲ್ಲಿವೆ. ಮನೋರೋಗಿಗಳೆಲ್ಲ ಅಪಾಯಕಾರಿಗಳು ಎಂಬಂತೆ ಸುದ್ದಿವಾಹಿನಿಗಳು ಹೇಳುವುದು ಒಂದು. ಕಳಂಕ ಕಳೆಯುವ ಉತ್ಸಾಹದಲ್ಲಿ ನಮ್ಮ ಮನೋವೈದ್ಯ ವೃತ್ತಿಯವರೇ ಹೇಳುವ ‘ರೋಗಕ್ಕೂ ಹಿಂಸೆಗೂ ಸಂಬಂಧವೇ ಇಲ್ಲ’ ಎಂಬ ಮಾತು ಇನ್ನೊಂದು. ಸಂಬಂಧ ಇದೆ, ಆದರೆ ಅದು ಸಣ್ಣದು. ರೋಗದ ಹೆಸರಿಗಿಂತ ರೋಗಿಯ ಆ ಹೊತ್ತಿನ ಸ್ಥಿತಿಗೆ ಅದು ಹೆಚ್ಚು ಅಂಟಿಕೊಂಡಿದೆ. ಖಿನ್ನತೆ, ಆತಂಕ, ಗೀಳುರೋಗಗಳಿಂದ ನರಳುವ ಬಹುಪಾಲು ಜನರಿಂದ ಇತರರಿಗೆ ಹೇಳಿಕೊಳ್ಳುವಂಥ ಅಪಾಯವೇನೂ ಇಲ್ಲ. ವಾಸ್ತವದ ಅರಿವು ತಪ್ಪಿಹೋಗುವ ಸ್ಕಿಜೋಫ್ರೀನಿಯಾದಂಥ ತೀವ್ರ ರೋಗಗಳನ್ನು ಕುರಿತು ಇಪ್ಪತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಕೊಲೆ ಮಾಡಿದವರ ಪ್ರಮಾಣ ರೋಗಿಗಳಲ್ಲಿ ಶೇ. 0.3, ಜನಸಾಮಾನ್ಯರಲ್ಲಿ ಶೇ. 0.02 ಎಂದು ಕಂಡುಬಂದಿತು. ಹಲವು ಪಟ್ಟು ಹೆಚ್ಚು, ನಿಜ. ಆದರೆ ಸಾವಿರ ರೋಗಿಗಳಲ್ಲಿ 997 ಮಂದಿ ಯಾರನ್ನೂ ಕೊಲ್ಲುವುದಿಲ್ಲ ಎಂಬುದೂ ಅದೇ ಅಂಕಿಯೊಳಗೇ ಇದೆ. ಈ ರೋಗಿಗಳು ಹೊಡೆಯುವವರಾಗುವುದಕ್ಕಿಂತ ಹೊಡೆತ ತಿನ್ನುವವರಾಗುವುದೇ ಹೆಚ್ಚು ಎಂಬುದನ್ನು ಬೀದಿಯಲ್ಲಿ ಅಲೆಯುವ ಯಾವುದೇ ರೋಗಿಯನ್ನು ಗಮನಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ಆ ಮೂವರು ಯಾರು? ಇಲ್ಲಿ ನಮ್ಮ ಶಾಸ್ತ್ರಕ್ಕೆ ಒಂದಿಷ್ಟು ಖಚಿತವಾದ ಉತ್ತರ ಸಿಕ್ಕಿದೆ. ಆಸ್ಟ್ರೇಲಿಯಾದ ಮನೋವೈದ್ಯರಾದ ಓಲಾವ್ ನೀಲ್ಸನ್ ಮತ್ತು ಮ್ಯಾಥ್ಯೂ ಲಾರ್ಜ್ 2010ರಲ್ಲಿ ಹಲವು ದೇಶಗಳ ಮಾಹಿತಿಯನ್ನು ಒಟ್ಟಿಗಿಟ್ಟು ನೋಡಿದಾಗ, ತೀವ್ರ ಮನೋರೋಗದ ಮೊದಲನೆಯ ಸುತ್ತಿನಲ್ಲಿ, ಅಂದರೆ ಚಿಕಿತ್ಸೆ ಇನ್ನೂ ಆರಂಭವೇ ಆಗದ ಅವಧಿಯಲ್ಲಿ, ಕೊಲೆಯ ಸಾಧ್ಯತೆ ಸುಮಾರು 629 ರೋಗಿಗಳಿಗೆ ಒಂದು ಎಂದೂ, ಚಿಕಿತ್ಸೆ ಆರಂಭವಾದ ಮೇಲೆ ವರ್ಷಕ್ಕೆ ಸುಮಾರು 9,090 ರೋಗಿಗಳಿಗೆ ಒಂದು ಎಂದೂ ತಿಳಿದುಬಂದಿತು. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ಅದೇ ವ್ಯಕ್ತಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ವಿರೋಧಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಅವನ ಹಿಂಸಾಪರಾಧಗಳು ಮಾತ್ರೆ ಇಲ್ಲದ ಅವಧಿಗಿಂತ ಶೇ. 45ರಷ್ಟು ಕಡಿಮೆಯಿದ್ದವು ಎಂದು ತೋರಿಸಿತು. ಚಿಕಿತ್ಸೆಯಿಲ್ಲದ ಆ ತಿಂಗಳುಗಳಲ್ಲೇ ಅಪಾಯ ಅತಿ ಹೆಚ್ಚು. ನಿಮ್ಮ ಹುಡುಗನ ಆರು ತಿಂಗಳು ಅಂಥ ತಿಂಗಳುಗಳು. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ನಮ್ಮ ದೇಶದಲ್ಲಿ ಚಿಕಿತ್ಸೆಯೇ ದೊರಕಿರಲಿಲ್ಲ. ಕೊಲೆಯ ಸುದ್ದಿ ಓದುವಾಗ ಈ ಅಂಕಿಯನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಯಾರು ಸಾಯುತ್ತಾರೆ ಎಂಬುದೂ ಮುಖ್ಯ. ದಾರಿಹೋಕರು ಬಲಿಯಾಗುವುದು ಅತ್ಯಂತ ಅಪರೂಪ, ಅದಕ್ಕೇ ಅದು ದೊಡ್ಡ ಸುದ್ದಿ. ಸಾಮಾನ್ಯವಾಗಿ ಏಟು ಬೀಳುವುದು ಒಂದೇ ಸೂರಿನಡಿ ಬದುಕುವವರಿಗೆ: ತಾಯಿ, ತಂದೆ, ಹೆಂಡತಿ, ಮಗು. ‘ಇವನು ನನಗೆ ವಿಷ ಹಾಕುತ್ತಿದ್ದಾನೆ’, ‘ಇವಳು ನಿಜವಾದ ಅಮ್ಮನಲ್ಲ, ವೇಷಧಾರಿ’, ‘ನನ್ನ ಯೋಚನೆಗಳನ್ನು ಇವನೇ ನಡೆಸುತ್ತಿದ್ದಾನೆ’ ಎಂಬಂಥ, ಭಯದಿಂದ ತುಂಬಿದ ಭ್ರಾಂತಿಗಳು ಒಬ್ಬ ನಿರ್ದಿಷ್ಟ ವ್ಯಕ್ತಿಯತ್ತ ಬೆರಳು ಮಾಡತೊಡಗಿದಾಗ ನಾವು ಎಚ್ಚರಗೊಳ್ಳುತ್ತೇವೆ. ಆ ರೋಗಿ ತನ್ನ ದೃಷ್ಟಿಯಲ್ಲಿ ದಾಳಿ ಮಾಡುತ್ತಿರುವುದಿಲ್ಲ, ಜೀವ ಉಳಿಸಿಕೊಳ್ಳುತ್ತಿರುತ್ತಾನೆ. ಚಿಕ್ಕಪ್ಪನ ಸಂಗತಿಯನ್ನು ನಾನು ಮೊದಲೇ ಎತ್ತಿಕೊಂಡದ್ದು ಇದರಿಂದಾಗಿ.

ಇನ್ನು ಮಾದಕ ವಸ್ತುಗಳ ವಿಚಾರ. ಅಮೆರಿಕದ ಮೂರು ನಗರಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ 1,136 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ 1998ರಲ್ಲಿ ಪ್ರಕಟಗೊಂಡ ಮ್ಯಾಕ್‌ಆರ್ಥರ್ ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ತೀವ್ರ ಮನೋರೋಗವಷ್ಟೇ ಇದ್ದವರಲ್ಲಿ ಶೇ. 17.9 ಮಂದಿ ಆ ವರ್ಷದಲ್ಲಿ ಯಾವುದಾದರೂ ಹಿಂಸೆಯಲ್ಲಿ ತೊಡಗಿದ್ದರೆ, ರೋಗದ ಜೊತೆಗೆ ಕುಡಿತ ಅಥವಾ ಮಾದಕ ವ್ಯಸನವೂ ಇದ್ದವರಲ್ಲಿ ಆ ಪ್ರಮಾಣ ಶೇ. 31.1 ಇತ್ತು. ಪಿಟ್ಸ್‌ಬರ್ಗ್ ನಗರದಲ್ಲಿ ಅದೇ ಕೇರಿಗಳ ನಿವಾಸಿಗಳೊಂದಿಗೂ ಹೋಲಿಸಿ ನೋಡಿದರು. ವ್ಯಸನವಿಲ್ಲದ ರೋಗಿಗಳಿಗೂ ವ್ಯಸನವಿಲ್ಲದ ನೆರೆಹೊರೆಯವರಿಗೂ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ವ್ಯಸನ ಸೇರಿಕೊಂಡಾಗ ಇಬ್ಬರಲ್ಲೂ ಹಿಂಸೆ ಏರಿತು, ರೋಗಿಗಳಲ್ಲಿ ವ್ಯಸನವಿರುವವರ ಸಂಖ್ಯೆಯೂ ಹೆಚ್ಚಿತ್ತು.

ನಮ್ಮಲ್ಲಿ ‘ಡ್ರಗ್ಸ್’ ಎಂದೊಡನೆ ಎಲ್ಲರ ಕಣ್ಣು ಗಾಂಜಾ ಮತ್ತು ಎಂಡಿಎಂಎ ಮೇಲೆ ಹೋಗುತ್ತದೆ. ಹಿಂಸೆಯ ಲೆಕ್ಕದಲ್ಲಿ ಮೊದಲ ಸ್ಥಾನ ಮದ್ಯದ್ದು; ಅದು ಸರ್ಕಾರದ ಪರವಾನಗಿ ಪಡೆದು ಮಾರಾಟವಾಗುವುದರಿಂದ ನಾವು ಅದನ್ನು ಆ ಪಟ್ಟಿಗೆ ಸೇರಿಸುವುದಿಲ್ಲ, ಅಷ್ಟೇ. ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ; ಭಂಗಿ, ಗಾಂಜಾ, ಚರಸ್‌ಗಳನ್ನೆಲ್ಲ ಒಟ್ಟುಗೂಡಿಸಿದರೂ ಸೇವಿಸುವವರು ಸುಮಾರು 3.1 ಕೋಟಿ. ಕುಡಿತ ಹಿಂಸೆಗೆ ಎಡೆ ಮಾಡುವುದು ಭ್ರಾಂತಿಯಿಂದಲ್ಲ, ತಡೆಯ ಹಗ್ಗ ಸಡಿಲವಾಗುವುದರಿಂದ. ಮೆಥಾಂಫೆಟಮೈನ್‌ನಂಥ ಉತ್ತೇಜಕಗಳದ್ದು ಬೇರೆ ದಾರಿ: ನಿದ್ರೆ ಕೆಡಿಸಿ, ಸಂಶಯ ಕೆರಳಿಸಿ, ಸ್ಕಿಜೋಫ್ರೀನಿಯಾದಿಂದ ಬೇರ್ಪಡಿಸಿ ನೋಡಲಾಗದಂಥ ಸ್ಥಿತಿಯನ್ನು ಕೆಲವೇ ದಿನಗಳಲ್ಲಿ ತರಬಲ್ಲವು. ಗಾಂಜಾ ಈ ಎರಡರಂತೆಯೂ ಅಲ್ಲ.

ಗಾಂಜಾದಿಂದ ಹುಚ್ಚು ಹಿಡಿಯುತ್ತದೆಯೇ ಎಂಬ ವಾದ ನಮ್ಮ ನಾಡಿನಲ್ಲಿ ಹೊಸದಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ಇದಕ್ಕಾಗಿಯೇ ಭಾರತೀಯ ಸೆಣಬು ಮಾದಕಗಳ ಆಯೋಗವನ್ನು ನೇಮಿಸಿತ್ತು. ಆಗಿನ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ‘ಕಾರಣ: ಗಾಂಜಾ’ ಎಂಬ ನಮೂದು ಧಾರಾಳವಾಗಿತ್ತು. ಆಯೋಗ ಒಂದೊಂದೇ ಪ್ರಕರಣವನ್ನು ಕೆದಕಿದಾಗ, ಆ ನಮೂದುಗಳಲ್ಲಿ ಬಹಳಷ್ಟು ರೋಗಿಯನ್ನು ಕರೆತಂದ ಪೊಲೀಸರು ವಿಚಾರಿಸದೆ ಬರೆಸಿದ್ದವು ಎಂದು ಗೊತ್ತಾಯಿತು. ಮಿತವಾದ ಬಳಕೆಯಿಂದ ಹುಚ್ಚು ಬರುವುದಿಲ್ಲ, ಅತಿಯಾದ ಬಳಕೆ ಅಪಾಯಕ್ಕೆ ಈಡುಮಾಡಬಹುದು ಎಂಬ ತೀರ್ಮಾನಕ್ಕೆ ಆಯೋಗ ಬಂದಿತು. ತೊಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ, 1987ರಲ್ಲಿ, ಸ್ವೀಡನ್ ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನವು, 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇದಿದ್ದವರಿಗೆ ಸ್ಕಿಜೋಫ್ರೀನಿಯಾ ತಗಲುವ ಸಾಧ್ಯತೆ ಆರು ಪಟ್ಟು ಹೆಚ್ಚು ಎಂದು ವರದಿ ಮಾಡಿತು. ಎರಡನ್ನೂ ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸೇದುವ ಬಹುತೇಕರಿಗೆ ಏನೂ ಆಗುವುದಿಲ್ಲ. ವಂಶವಾಹಿಯಲ್ಲಿ ರೋಗದ ಒಲವು ಇರುವವರಿಗೆ, ಹದಿಹರೆಯದಲ್ಲೇ ಆರಂಭಿಸಿದವರಿಗೆ, ದಿನವೂ ಸೇದುವವರಿಗೆ ಅದು ರೋಗವನ್ನು ಬೇಗ ಕರೆತರುತ್ತದೆ, ಬಂದದ್ದನ್ನು ಹೋಗಗೊಡುವುದಿಲ್ಲ. ಗಾಂಜಾ ಬಿಟ್ಟು ಒಂದು ತಿಂಗಳಾದರೂ ದನಿಗಳು ಕೇಳಿಸುತ್ತಲೇ ಇದ್ದರೆ ಅದನ್ನು ಬರೀ ಅಮಲು ಎಂದು ತಳ್ಳಿಹಾಕುವಂತಿಲ್ಲ.

ಈಗ ದೇವರ ವಿಚಾರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು.

1800ರ ಮೇ 15ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕ ದೊರೆ ಮೂರನೆಯ ಜಾರ್ಜ್‌ನತ್ತ ಗುಂಡು ಹಾರಿಸಿದ, ಅದು ತಗಲಲಿಲ್ಲ. ಆರು ವರ್ಷಗಳ ಹಿಂದೆ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಅವನ ತಲೆಗೆ ಕತ್ತಿಯ ಆಳವಾದ ಗಾಯಗಳಾಗಿದ್ದವು. ತಾನು ಸರ್ಕಾರದ ಕೈಯಲ್ಲಿ ಸತ್ತರೆ ಕ್ರಿಸ್ತನ ಪುನರಾಗಮನವಾಗುತ್ತದೆ ಎಂದು ಅವನು ನಂಬಿದ್ದ. ಆತ್ಮಹತ್ಯೆ ಪಾಪವಾದ್ದರಿಂದ, ಮರಣದಂಡನೆ ಖಚಿತವಾಗುವಂಥ ಅಪರಾಧವನ್ನೇ ಆರಿಸಿಕೊಂಡಿದ್ದ. ಪಿಸ್ತೂಲು ಕೊಂಡು, ಸಮಯ ನೋಡಿ, ಸ್ಥಳ ಆರಿಸಿ ಮಾಡಿದ ಈ ಕೃತ್ಯವನ್ನು ಹುಚ್ಚು ಎಂದು ಹೇಗೆ ಕರೆಯುವುದೆಂದು ಸರ್ಕಾರದ ಕಡೆಯವರು ಕೇಳಿದರು. ಆರೋಪಿಯ ವಕೀಲ ಥಾಮಸ್ ಅರ್ಸ್ಕಿನ್, ಭ್ರಾಂತಿಯಿಂದ ಹೊರಟ ಮನುಷ್ಯನೂ ತನ್ನ ಭ್ರಾಂತಿಯೊಳಗೆ ತರ್ಕಬದ್ಧವಾಗಿಯೇ ನಡೆಯಬಲ್ಲ ಎಂದು ವಾದಿಸಿ ಗೆದ್ದ. ಯೋಜನೆ ಇದ್ದಲ್ಲಿ ರೋಗವಿಲ್ಲ ಎಂಬ ಅನಿಸಿಕೆ ನಮ್ಮ ಟಿವಿ ಚರ್ಚೆಗಳಲ್ಲಿ ಇಂದಿಗೂ ಕೇಳಿಬರುತ್ತದೆ; ಅದಕ್ಕೆ ಉತ್ತರ ಸಿಕ್ಕಿ ಇನ್ನೂರು ವರ್ಷ ದಾಟಿದೆ.

ಹ್ಯಾಡ್‌ಫೀಲ್ಡ್‌ನನ್ನು ಕೆಡಿಸಿದ್ದು ಬೈಬಲ್ಲೇ? ಅಲ್ಲ. ರೋಗಗ್ರಸ್ತ ಮನಸ್ಸು ತನಗಾಗುತ್ತಿರುವ ವಿಚಿತ್ರ ಅನುಭವಕ್ಕೆ ಅರ್ಥ ಹುಡುಕುವಾಗ ಸುತ್ತಲಿನ ಸಮಾಜದಲ್ಲಿ ಸಿಗುವ ಅತ್ಯಂತ ದೊಡ್ಡ ಅರ್ಥವನ್ನೇ ಎತ್ತಿಕೊಳ್ಳುತ್ತದೆ. ಭಕ್ತಿಯ ಮನೆಯಲ್ಲಿ ಬೆಳೆದವನಿಗೆ ಅದು ದೇವರು, ಮಾಟ, ಕಲ್ಕಿಯ ಅವತಾರ. ದೇವರ ಗೊಡವೆಯಿಲ್ಲದವನಿಗೆ ಅದು ಗುಪ್ತಚರ ಸಂಸ್ಥೆ, ತಲೆಯೊಳಗಿಟ್ಟ ಚಿಪ್, ಫೋನಿನೊಳಗಿನ ಕ್ಯಾಮೆರಾ. ವಿಷಯ ಬದಲಾಗುತ್ತದೆ, ರೋಗದ ಗತಿ ಬದಲಾಗುವುದಿಲ್ಲ. ಹಾಗಾಗಿ ‘ಅತಿಯಾದ ಭಕ್ತಿಯಿಂದ ಬಂತೇ’ ಎಂಬ ನಿಮ್ಮ ಪ್ರಶ್ನೆಯನ್ನು ತಿರುಗಿಸಿ ನೋಡಬೇಕು. ಹಲವರಲ್ಲಿ ಹಠಾತ್ತನೆ ಅತಿಯಾದ ಭಕ್ತಿಯೇ ರೋಗದ ಮೊದಲ ಲಕ್ಷಣ. ಒಂದು ಮಾತನ್ನು ಮಾತ್ರ ಸೇರಿಸಬೇಕು. ಭ್ರಾಂತಿಯ ವಸ್ತು ಯಾವುದಾದರೂ ಇರಲಿ, ಅದರೊಳಗೆ ‘ಆಜ್ಞೆ’ ಇದ್ದರೆ, ಆಜ್ಞೆ ಕೊಡುವವನು ಮೀರಲಾಗದವನಾಗಿದ್ದರೆ, ಅಪಾಯ ಹೆಚ್ಚುತ್ತದೆ. ದೇವರಿಗಿಂತ ಮೀರಲಾಗದವನು ಇನ್ನಾರು?

ಹಾಗೆಂದು ದೇವರ ದನಿ ಕೇಳಿತು ಎಂದವರೆಲ್ಲ ರೋಗಿಗಳಲ್ಲ. ತುಳುನಾಡಿನ ಕೋಲದಲ್ಲಿ ದೈವ ಮೈದುಂಬುವ ಪಾತ್ರಿ, ಜಾತ್ರೆಯಲ್ಲಿ ಮೈಮೇಲೆ ಬಂದು ಹೇಳಿಕೆ ಕೊಡುವ ಹೆಂಗಸು, ಇವರ ಅನುಭವಕ್ಕೆ ನಿಗದಿಯಾದ ಕಾಲವಿದೆ, ಸ್ಥಳವಿದೆ, ಸುತ್ತಲಿನ ಸಮುದಾಯದ ಒಪ್ಪಿಗೆಯಿದೆ; ಅದು ಮುಗಿದ ಮೇಲೆ ಮನೆಗೆ ಹೋಗಿ ದನ ಕಟ್ಟುತ್ತಾರೆ, ಲೆಕ್ಕ ಬರೆಯುತ್ತಾರೆ. ರೋಗನಿರ್ಣಯದ ಕೈಪಿಡಿಗಳೂ ವ್ಯಕ್ತಿಯ ಸಂಸ್ಕೃತಿ ಒಪ್ಪುವ ನಂಬಿಕೆಯನ್ನು ಭ್ರಾಂತಿ ಎಂದು ಎಣಿಸುವುದಿಲ್ಲ. ನಾವು ನೋಡುವುದು ಬೇರೆ ಸಂಗತಿಗಳನ್ನು: ಅದೇ ದೇವರನ್ನು ಪೂಜಿಸುವ ಮನೆಯವರಿಗೂ ಪೂಜಾರಿಗೂ ಇವನ ಮಾತು ವಿಚಿತ್ರವೆನಿಸುತ್ತಿದೆಯೇ, ನಿದ್ರೆ, ಸ್ನಾನ, ಕೆಲಸ, ಸ್ನೇಹ ಬಿಟ್ಟುಹೋಗಿವೆಯೇ, ತನ್ನಷ್ಟಕ್ಕೇ ನಗುವುದು ಮತ್ತು ಗೊಣಗುವುದು ಸೇರಿಕೊಂಡಿವೆಯೇ ಎಂಬುದನ್ನು.

ಸಂಸ್ಕೃತಿ ಒಪ್ಪುವ ನಂಬಿಕೆಯಿಂದಲೇ ಕೊಲೆ ನಡೆದರೆ? ಅದೂ ಉಂಟು. ದೇವತೆಯನ್ನು ಒಲಿಸಿಕೊಳ್ಳಲು ನಾಲ್ಕು ವರ್ಷದ ಮಗನನ್ನು ಇತರರ ನೆರವಿನಿಂದ ಬಲಿಕೊಟ್ಟ ತಂದೆಗೆ ಪರಸ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಅಲ್ಲಿದ್ದದ್ದು ಹಲವರು ಹಂಚಿಕೊಂಡ ಮೌಢ್ಯ, ಒಬ್ಬನ ಮಿದುಳಿನ ಕಾಯಿಲೆಯಲ್ಲ. ನರಬಲಿ, ಮಾಟಗಾತಿಯೆಂಬ ಆರೋಪ ಹೊರಿಸಿ ಹೊಡೆಯುವುದು ಮೊದಲಾದವುಗಳಿಗೆ ಔಷಧ ಆಸ್ಪತ್ರೆಯಲ್ಲಿ ಇಲ್ಲ; ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ಮಾಟ ತಡೆಯುವ 2017ರ ಕಾಯ್ದೆ ಇರುವುದು ಅದಕ್ಕಾಗಿ, 2020ರಿಂದ ಅದು ಜಾರಿಯಲ್ಲಿದೆ. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನರನ್ನು ಕೊಂದ ಆಂಡರ್ಸ್ ಬ್ರೈವಿಕ್ ತನ್ನನ್ನು ಧರ್ಮಯೋಧನೆಂದು ಕರೆದುಕೊಂಡಿದ್ದ. ಮೊದಲ ಇಬ್ಬರು ಮನೋವೈದ್ಯರು ಅವನಿಗೆ ಸ್ಕಿಜೋಫ್ರೀನಿಯಾ ಎಂದರು. ಅವನ ಮಾತುಗಳು ಬಲಪಂಥೀಯ ಉಗ್ರರ ವಲಯದಲ್ಲಿ ಸಾಮಾನ್ಯವಾಗಿ ಓಡಾಡುವ ಮಾತುಗಳೇ ಎಂಬುದನ್ನು ಅವರು ಸಾಕಷ್ಟು ಗಮನಿಸಿರಲಿಲ್ಲ. ಎರಡನೆಯ ತಂಡ ರೋಗವಿಲ್ಲವೆಂದಿತು, ನ್ಯಾಯಾಲಯ ಅದನ್ನೇ ಒಪ್ಪಿ 2012ರಲ್ಲಿ ಶಿಕ್ಷೆ ವಿಧಿಸಿತು. ಘೋರ ಕೃತ್ಯವೇ ರೋಗಕ್ಕೆ ಸಾಕ್ಷಿ ಎಂದು ಹೊರಟರೆ ಮನೋವೈದ್ಯರೂ ಎಡವುತ್ತಾರೆ.

ಮೌಢ್ಯಕ್ಕೂ ರೋಗಕ್ಕೂ ನಡುವಿನ ಗೆರೆ ಮಸುಕಾಗುವ ಪ್ರಕರಣಗಳೂ ಇವೆ. ಕೋಲಾರದ ಗಡಿಗೆ ಸಮೀಪದ ಮದನಪಲ್ಲಿಯಲ್ಲಿ 2021ರ ಜನವರಿಯಲ್ಲಿ ತಂದೆ ತಾಯಿಯರೇ ತಮ್ಮ ಇಬ್ಬರು ಬೆಳೆದ ಹೆಣ್ಣುಮಕ್ಕಳನ್ನು ಕೊಂದ ಆರೋಪದಲ್ಲಿ ಬಂಧಿತರಾದರು. ಕಲಿಯುಗ ಮುಗಿದು ಸತ್ಯಯುಗ ಹುಟ್ಟುತ್ತದೆ, ಮಕ್ಕಳು ಎದ್ದು ಬರುತ್ತಾರೆ ಎಂದು ಅವರು ಹೇಳಿದ್ದಾಗಿ ವರದಿಯಾಯಿತು. ಇಬ್ಬರೂ ಶಿಕ್ಷಣ ಕ್ಷೇತ್ರದವರು. ಹೊರಗಿನವರ ಸಂಪರ್ಕ ಕಡಿಮೆಯಿರುವ ಮನೆಯಲ್ಲಿ ಒಬ್ಬರ ಭ್ರಾಂತಿ ಉಳಿದವರಿಗೂ ಹಬ್ಬುವುದನ್ನು ನಮ್ಮ ಶಾಸ್ತ್ರ ಹತ್ತೊಂಬತ್ತನೆಯ ಶತಮಾನದಿಂದಲೂ ಬಲ್ಲದು, ವಿದ್ಯೆ ಅದಕ್ಕೆ ತಡೆಯಾಗುವುದಿಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 2001ರ ಜೂನ್ 20ರಂದು ಐದು ಮಕ್ಕಳನ್ನು ಬಚ್ಚಲ ತೊಟ್ಟಿಯಲ್ಲಿ ಮುಳುಗಿಸಿದ ಆಂಡ್ರಿಯಾ ಯೇಟ್ಸ್‌ಗೆ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ ಇತ್ತು. ತಾನು ಕೆಟ್ಟ ತಾಯಿ, ಬದುಕಿದರೆ ಮಕ್ಕಳು ನರಕಕ್ಕೆ ಬೀಳುತ್ತಾರೆ ಎಂಬುದು ಅವಳ ನಂಬಿಕೆ. ಅವಳ ಸೈಕೋಸಿಸ್ ಔಷಧ ಕೆಲವೇ ದಿನಗಳ ಹಿಂದೆ ನಿಂತಿತ್ತು. ಪೊಲೀಸರಿಗೆ ತಾನೇ ಫೋನ್ ಮಾಡಿದ್ದಳು. ಹಾಗಾಗಿ ತಪ್ಪೆಂದು ಅವಳಿಗೆ ಗೊತ್ತಿತ್ತು ಎಂದು 2002ರ ಜ್ಯೂರಿ ಶಿಕ್ಷೆ ಕೊಟ್ಟಿತು. ಸರ್ಕಾರಿ ತಜ್ಞನೊಬ್ಬ ಎಂದೂ ಪ್ರಸಾರವಾಗದ ಟಿವಿ ಕಂತೊಂದರ ಬಗ್ಗೆ ಸಾಕ್ಷ್ಯ ನುಡಿದದ್ದು ಬಯಲಾಗಿ ಆ ತೀರ್ಪು ರದ್ದಾಯಿತು. 2006ರಲ್ಲಿ ಎರಡನೆಯ ಜ್ಯೂರಿ ಅವಳನ್ನು ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ನಿರ್ದೋಷಿ ಎಂದಿತು.

ಇದು ನಿಮ್ಮ ಕೊನೆಯ ಪ್ರಶ್ನೆಗೆ ತರುತ್ತದೆ. ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿದೆ. ಬ್ರಿಟನ್ನಿನ ಪ್ರಧಾನಿಯ ಕಾರ್ಯದರ್ಶಿಯನ್ನು ಡೇನಿಯಲ್ ಮೆಕ್‌ನಾಟನ್ ಎಂಬುವನು 1843ರಲ್ಲಿ ಗುಂಡಿಕ್ಕಿ ಕೊಂದ ಪ್ರಕರಣದಿಂದ ಹುಟ್ಟಿದ ನಿಯಮವೇ ಅದರ ಬೇರು. ಕಾನೂನು ‘ಇವನಿಗೆ ರೋಗವಿದೆಯೇ’ ಎಂದು ಕೇಳುವುದಿಲ್ಲ. ಕೃತ್ಯದ ಆ ಗಳಿಗೆಯಲ್ಲಿ ಬುದ್ಧಿಸ್ಥಿಮಿತವಿಲ್ಲದ ಕಾರಣ ತಾನು ಮಾಡುತ್ತಿರುವುದು ಏನೆಂದು, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧವೆಂದು ತಿಳಿಯಲು ಅಸಮರ್ಥನಾಗಿದ್ದನೇ ಎಂದು ಕೇಳುತ್ತದೆ. ಅದನ್ನು ತೋರಿಸುವ ಹೊಣೆ ಆರೋಪಿಯದೇ. ಆದರೆ ಸಂಭವನೀಯತೆಯ ಮಟ್ಟಕ್ಕೆ ತೋರಿಸಿದರೆ ಸಾಕೆಂದು ಸುಪ್ರೀಂ ಕೋರ್ಟ್ 1964ರ ದಹ್ಯಾಭಾಯಿ ಪ್ರಕರಣದಲ್ಲಿ ಹೇಳಿತು. ಹೆಂಡತಿಯನ್ನು ರುಬ್ಬುವ ಕಲ್ಲಿನಿಂದ ಕೊಂದ ಮಹಾರಾಷ್ಟ್ರದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬ 2002ರಲ್ಲಿ ಖುಲಾಸೆಯಾದದ್ದು ಘಟನೆಗೆ ಮುಂಚಿನ ಮತ್ತು ನಂತರದ ಚಿಕಿತ್ಸಾ ದಾಖಲೆಗಳ ಬಲದಿಂದ. ದಾಖಲೆಯಿಲ್ಲದೆ ವಿಚಾರಣೆಯ ಹೊತ್ತಿಗೆ ಎತ್ತಿದ ಇಂಥ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ತಾನಾಗಿಯೇ ಕುಡಿದವನಿಗೆ, ಸೇದಿದವನಿಗೆ ಈ ರಕ್ಷಣೆಯೂ ಇಲ್ಲ. ಅರಿವಿಲ್ಲದಂತೆ ಅಥವಾ ಬಲವಂತದಿಂದ ಅಮಲು ಏರಿಸಿದ್ದರೆ ಮಾತ್ರ ವಿನಾಯಿತಿ. ನಟಿಸುವವರು ಇಲ್ಲವೆಂದಲ್ಲ. ಆದರೆ ವಾರಗಟ್ಟಲೆ ವಾರ್ಡಿನಲ್ಲಿ ಹಗಲಿರುಳು ಗಮನಿಸುವಾಗ ನಟನೆ ಉಳಿಯುವುದು ಕಷ್ಟ. ನಿಜವಾದ ರೋಗಿ ಸಾಮಾನ್ಯವಾಗಿ ಲಕ್ಷಣವನ್ನು ಬಚ್ಚಿಡುತ್ತಾನೆ, ನಟಿಸುವವನು ಕೇಳದಿದ್ದರೂ ಹೇಳುತ್ತಾನೆ.

‘ಪಾರಾಗುವುದು’ ಎಂಬುದೂ ಅಷ್ಟು ಸರಳವಲ್ಲ. ಈ ಆಧಾರದ ಮೇಲೆ ಖುಲಾಸೆಯಾದವನನ್ನು ನ್ಯಾಯಾಲಯ ಸುರಕ್ಷಿತ ಸುಪರ್ದಿಗೆ ಕಳುಹಿಸಬಹುದು, ಅದಕ್ಕೆ ಶಿಕ್ಷೆಯಂತೆ ಕೊನೆಯ ದಿನಾಂಕ ಇರುವುದಿಲ್ಲ. ಅಸ್ಸಾಮಿನಲ್ಲಿ 1951ರಲ್ಲಿ ಬಂಧಿತನಾಗಿ ಮಾನಸಿಕ ಆಸ್ಪತ್ರೆಗೆ ಸೇರಿದ ಒಬ್ಬ ವಿಚಾರಣಾಧೀನ ಬಂದಿ, ಗುಣವಾದನೆಂದು ವೈದ್ಯರು ಬರೆದುಕೊಟ್ಟ ಮೇಲೂ ವಿಚಾರಣೆಯಿಲ್ಲದೆ ಕೊಳೆತು, 2005ರಲ್ಲಿ, 54 ವರ್ಷಗಳ ನಂತರ, ಮುದುಕನಾಗಿ ಹೊರಬಂದ.

ಇನ್ನು ನೀವು ಮಾಡಬೇಕಾದ್ದು. ಚಿಕ್ಕಪ್ಪ ಕೆಲವು ದಿನ ಬೇರೆ ಮನೆಯಲ್ಲಿ ಉಳಿಯಲಿ. ಮಚ್ಚು, ಕೊಡಲಿ, ಕೀಟನಾಶಕಗಳನ್ನು ಸದ್ದಿಲ್ಲದೆ ಬೇರೆಡೆಗೆ ಸಾಗಿಸಿ. ದೇವರು ಮಾತನಾಡುವುದಿಲ್ಲ ಎಂದು ವಾದಕ್ಕೆ ಇಳಿಯಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ; ‘ಏನು ಹೇಳುತ್ತಿದೆ, ಏನಾದರೂ ಮಾಡೆಂದು ಹೇಳಿದೆಯೇ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ನಿದ್ರೆ ಬರುತ್ತಿಲ್ಲ ಎಂಬ ದೂರನ್ನು ಹಿಡಿದು ಆಸ್ಪತ್ರೆಗೆ ಕರೆದರೆ ಬಹಳ ಮಂದಿ ಬರುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ; 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅವನು ಒಪ್ಪದಿದ್ದರೂ ದಾರಿಯಿದೆ. ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ, 2017ರ 94ನೆಯ ಕಲಮಿನ ಪ್ರಕಾರ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಚಿಕಿತ್ಸೆ ನೀಡಬಹುದು. ಯಾರಿಗಾದರೂ ಹಾನಿ ಮಾಡುವ ಬೆದರಿಕೆ ಇದ್ದರೆ, ಇಬ್ಬರು ತಜ್ಞರು ಪರೀಕ್ಷಿಸಿದ ಮೇಲೆ, 89ನೆಯ ಕಲಮಿನಡಿ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಹೊಡೆಯಲು ಬಂದರೆ 112ಕ್ಕೆ ಕರೆ ಮಾಡಿ, ಇದು ಕಾಯಿಲೆಯ ಪ್ರಕರಣವೆಂದು ಮೊದಲ ವಾಕ್ಯದಲ್ಲೇ ಹೇಳಿ.

ಕಟ್ಟಿಹಾಕಬೇಡಿ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಆಶ್ರಯಧಾಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. ಸರಪಳಿ ಹಾಕುವುದನ್ನು ಈಗ ಕಾನೂನೂ ನಿಷೇಧಿಸಿದೆ. ಮನೆದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ, ಮಾತ್ರೆ ನಿಲ್ಲಿಸಿ ಹರಕೆ ಹೊರುವುದಕ್ಕೆ ಇದೆ. ವೈದ್ಯರ ಬಳಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದೊಯ್ಯಿರಿ: ಗಾಂಜಾ ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು, ಸೇದದ ದಿನಗಳಲ್ಲೂ ದನಿ ಕೇಳಿಸಿತೇ, ಬೇರೇನಾದರೂ ತೆಗೆದುಕೊಳ್ಳುತ್ತಾನೆಯೇ, ತಲೆಗೆ ಪೆಟ್ಟು ಬಿದ್ದದ್ದುಂಟೇ, ಅಕ್ಕನ ಅಥವಾ ಭಾವನ ಕಡೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಚಿಕ್ಕಪ್ಪನ ಬಗ್ಗೆ ಅವನು ಆಡಿದ ಮಾತುಗಳು ಅಕ್ಷರಶಃ ಏನು.